ಓದುಗರ ಪ್ರಶ್ನೆ: ಫೋರ್ಕ್‌ಲಿಫ್ಟ್ ಬಂದ ಬಗೆ, ಅದು ಹೊರುವ ಭಾರ

ಮೊದಲ ಫೋರ್ಕ್‌ಲಿಫ್ಟ್ ಮಾಡಿದವರು ಯಾರು? (ತುಮಕೂರು)

ಒಬ್ಬರ ಹೆಸರು ಹೇಳುವುದು ಕಷ್ಟ. 1917ರಲ್ಲಿ ಅಮೆರಿಕದ ಮಿಷಿಗನ್‌ನ ಕ್ಲಾರ್ಕ್ ಕಂಪನಿ ತನ್ನ ಆಕ್ಸಲ್ (ಚಕ್ರದ ಅಚ್ಚು) ಕಾರ್ಖಾನೆಯೊಳಗೆ ಮಾಲು ಸಾಗಿಸಲು ‘ಟ್ರಕ್‌ಟ್ರಾಕ್ಟರ್’ ಎಂಬ ಗಾಡಿ ಕಟ್ಟಿಕೊಂಡಿತು. ಕಾರ್ಖಾನೆ ನೋಡಲು ಬಂದವರು ನಮಗೂ ಬೇಕು ಎಂದದ್ದರಿಂದ ಅದು ಮಾರಾಟಕ್ಕೂ ಬಂತು. ಆದರೆ ಅದು ಹೊರುವ ಗಾಡಿ, ಎತ್ತುವುದಲ್ಲ. ಫೋರ್ಕೂ (ಭಾರದಡಿ ತೂರುವ L ಆಕಾರದ ಉಕ್ಕಿನ ಕೊಂಬು) ಗಾಡಿಗಿಂತ ಎತ್ತರಕ್ಕೆ ಏರುವ ಮಾಸ್ಟೂ (ಫೋರ್ಕನ್ನು ಮೇಲೇರಿಸುವ ಕಂಬ) ಒಟ್ಟಿಗೆ ಕಂಡದ್ದು 1923ರಲ್ಲಿ, ಯೇಲ್ ಕಂಪನಿಯ ಬ್ಯಾಟರಿ ಗಾಡಿಯಲ್ಲಿ. ಇಂದಿನ ಫೋರ್ಕ್‌ಲಿಫ್ಟಿನ ಮೂಲ ಇದೇ ಎನ್ನುವುದು ನಮ್ಮ ಅಭಿಪ್ರಾಯ. ಅದು ಎಲ್ಲೆಡೆ ಹರಡಿದ್ದು ಮಾತ್ರ ಎರಡನೇ ಮಹಾಯುದ್ಧದಲ್ಲಿ ಸೇನೆಯ ಸರಕು ಪ್ಯಾಲೆಟ್ (ಸರಕು ಜೋಡಿಸುವ ಹಲಗೆಯ ಅಡಿಪೀಠ) ಮೇಲೆ ಓಡಾಡತೊಡಗಿದ ಮೇಲೆ.

ನಮ್ಮ ಗಾಡಿಯ ಪ್ಲೇಟಿನಲ್ಲಿ 2000 ಕಿಲೋ ಎಂದಿದೆ. 1.4 ಮೀಟರ್ ಉದ್ದದ, 1800 ಕಿಲೋ ತೂಕದ ಪೆಟ್ಟಿಗೆ ಎತ್ತಿದರೆ ಸ್ಟೀರಿಂಗ್ ಹಗುರಾಗುತ್ತದೆ. ಹಿಂದೆ ಇಬ್ಬರನ್ನು ನಿಲ್ಲಿಸಿದರೆ ಸರಿಹೋಗುತ್ತದೆಯೇ? (ಹುಬ್ಬಳ್ಳಿ)

ಬೇಡವೇ ಬೇಡ. ಪ್ಲೇಟನ್ನು ಪೂರ್ತಿ ಓದಿ: 2000 ಕಿಲೋ ಪಕ್ಕದಲ್ಲಿ 500 ಮಿ.ಮೀ. ಎಂದೂ ಇರುತ್ತದೆ. ಫೋರ್ಕಿನ ನೆಟ್ಟಗಿನ ಮುಖದಿಂದ ಭಾರದ ಮಧ್ಯಬಿಂದುವಿಗೆ ಇರಬೇಕಾದ ದೂರ ಅದು. ನಿಮ್ಮ ಪೆಟ್ಟಿಗೆಯ ತೂಕ ಸಮನಾಗಿ ಹಂಚಿದ್ದರೆ ಮಧ್ಯಬಿಂದು 700 ಮಿ.ಮೀ.ಗೆ ಬೀಳುತ್ತದೆ.

ಗಾಡಿ ಮಗುಚುವುದು ಮುಂದಿನ ಆಕ್ಸಲ್ ಮೇಲೆ, ತಕ್ಕಡಿಯ ಹಾಗೆ. ಆಕ್ಸಲ್‌ನಿಂದ ಫೋರ್ಕಿನ ಮುಖಕ್ಕೆ 400 ಮಿ.ಮೀ. ಎಂದಿಟ್ಟುಕೊಳ್ಳಿ. ಪ್ಲೇಟಿನ ಲೆಕ್ಕದಲ್ಲಿ ಆಕ್ಸಲ್‌ನಿಂದ ಭಾರಕ್ಕೆ 400 + 500 = 900, ನಿಮ್ಮ ಪೆಟ್ಟಿಗೆಗೆ 400 + 700 = 1100. 2000 × 900 ಅನ್ನು 1100ರಿಂದ ಭಾಗಿಸಿದರೆ ಗಾಡಿ ಹೊರಬಲ್ಲದ್ದು ಸುಮಾರು 1636 ಕಿಲೋ, ನಿಮ್ಮ 1800ಕ್ಕಿಂತ ಕಡಿಮೆ. ಪೆಟ್ಟಿಗೆ ಮುಖಕ್ಕೆ ತಾಗದೆ 100 ಮಿ.ಮೀ. ಸಂದು ಉಳಿದರೆ 1500ಕ್ಕೆ ಇಳಿಯುತ್ತದೆ. ಇದು ಅಂದಾಜಿನ ಲೆಕ್ಕ. ಎತ್ತರಕ್ಕೆ ಏರಿಸುವಾಗ ಪ್ಲೇಟಿನ ಅಂಕಿಯೇ ಅಂತಿಮ.

ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ. ಆ ಚಕ್ರದ ಮೇಲಿನ ಭಾರ ಕಡಿಮೆಯಾದದ್ದಕ್ಕೇ ಸ್ಟೀರಿಂಗ್ ಹಗುರ. ಆಗ ಜೋರಾಗಿ ಬ್ರೇಕ್ ಹಾಕಿದರೆ ಗಾಡಿಯ ಬಾಲ ಏಳುತ್ತದೆ, ನಿಂತವರು ಬೀಳುತ್ತಾರೆ. ಅವರ ತೂಕ ಮಾಸ್ಟ್, ಚೈನು, ಮುಂದಿನ ಟೈರುಗಳಿಗೆ ಬಲ ತುಂಬುವುದೂ ಇಲ್ಲ. ದೊಡ್ಡ ಗಾಡಿ ತರಿಸಿ, ಇಲ್ಲವೇ ಸಾಧ್ಯವಾದರೆ ಪೆಟ್ಟಿಗೆಯ ಉದ್ದನೆಯ ಬದಿಯಿಂದ ಫೋರ್ಕ್ ತೂರಿಸಿ ಎತ್ತಿ.

ಫೋರ್ಕ್ ಸವೆದರೆ ವೆಲ್ಡ್ ಮಾಡಿಸಬಹುದೇ? (ಮಂಗಳೂರು)

ಮಾಡಿಸಬೇಡಿ, ಬದಲಿಸಿ. ಹೆಚ್ಚು ಸವೆಯುವುದು ಬಾಗಿದ ಹಿಮ್ಮಡಿ, ನೆಲಕ್ಕೆ ಉಜ್ಜಿ. ಸವೆಯದ ನೆಟ್ಟಗಿನ ಭಾಗವನ್ನೂ ಹಿಮ್ಮಡಿಯನ್ನೂ ಕ್ಯಾಲಿಪರ್‌ನಿಂದ ಅಳೆದು ನೋಡಿ. 40 ಮಿ.ಮೀ. ದಪ್ಪ 36ಕ್ಕೆ ಇಳಿದಿದ್ದರೆ ಶೇ. 10 ಹೋಯಿತು. ಬಾಗುವಿಕೆಯಲ್ಲಿ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಹೊರುವ ಶಕ್ತಿ ಹೆಚ್ಚುಕಡಿಮೆ ಶೇ. 20ರಷ್ಟು ಹೋದಂತೆ. ಮಾಸ್ಟಿನ ಚೈನನ್ನೂ ಆಗಲೇ ಅಳೆಯಿರಿ: ಹೊಸದರಲ್ಲಿ 300 ಮಿ.ಮೀ. ಇದ್ದಷ್ಟು ಕೊಂಡಿಗಳು ಈಗ 309 ಬಂದರೆ ಅದೂ ಗುಜರಿಗೆ.