ಫೋಟೋದಲ್ಲಿ ಬಿಳಿ, ಮನೆಯಲ್ಲಿ ಕಪ್ಪು

ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯುವತಿಗೆ 23 ವರ್ಷ, ಬಿ.ಕಾಂ. ಮುಗಿಸಿ ಪತ್ತಿನ ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದಾಳೆ. ಕನ್ಯೆ ನೋಡಲು ಬರುತ್ತಾರೆ ಎಂದರೆ ಸಾಕು, ಊಟ ಬಿಟ್ಟು ಮಲಗುತ್ತಾಳೆ ಎಂದು ತಾಯಿ ಸಲಹೆಗಾಗಿ ನನ್ನ ಬಳಿ ಕರೆತಂದಿದ್ದರು.

ಮುಖಕ್ಕೆ ಸುತ್ತಿದ್ದ ಓಢಣಿ ತೆಗೆದಾಗ ಮಾತಿಗಿಂತ ಮೊದಲು ನೋಡಬೇಕಾದದ್ದು ಬೇರೆಯೇ ಇತ್ತು. ಕೆನ್ನೆಗಳು ಕೆಂಪೇರಿ ರಕ್ತನಾಳಗಳು ಕಾಣುತ್ತಿದ್ದವು. ಸೋದರತ್ತೆ ಹೇಳಿದ ಮುಲಾಮನ್ನು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ವರ್ಷದಿಂದ ಹಚ್ಚುತ್ತಿದ್ದಳು. ಟ್ಯೂಬಿನ ಮೇಲೆ ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂದಿತ್ತು. ಮೊದಲನೆಯದು ಸ್ಟಿರಾಯ್ಡ್. ಆರಂಭದಲ್ಲಿ ಮುಖ ತಿಳಿಯಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಬಿಸಿಲಿಗೆ ಉರಿಯುತ್ತದೆ. ಬಿಟ್ಟರೆ ಉರಿ ಹೆಚ್ಚುತ್ತದೆ, ಆ ಹೆದರಿಕೆಗೆ ಮತ್ತೆ ಹಚ್ಚುತ್ತಾರೆ. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೇ: ಈ ವಾರವೇ ಟ್ಯೂಬಿನ ಸಮೇತ ಚರ್ಮರೋಗ ತಜ್ಞರಲ್ಲಿಗೆ ಹೋಗಿ, ಬಿಡುವ ಕ್ರಮವನ್ನು ಅವರೇ ಹೇಳಲಿ.

"ನಾನೂ ಹಚ್ಚಿದವಳೇ, ಅಕ್ಕಾವರೇ" ಎಂದರು ತಾಯಿ. ಅಚ್ಚರಿಯೇನಿಲ್ಲ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಈ ತಾಯಿ ಹುಟ್ಟುವ ಮೊದಲೇ. ಕಪ್ಪು ಹುಡುಗಿ ತಲೆತಗ್ಗಿಸಿ ಕೂರುತ್ತಾಳೆ, ಕ್ರೀಮು ಹಚ್ಚುತ್ತಾಳೆ, ನೌಕರಿಯೂ ವರನೂ ಒಟ್ಟಿಗೇ ಸಿಗುತ್ತವೆ: ಅವರು ಜಾಹೀರಾತಿನಲ್ಲಿ ನೋಡಿ ಬೆಳೆದ ಕಥೆ ಅದು. ಕಪ್ಪು ಮೈಬಣ್ಣದವರನ್ನು ದುಃಖಿಗಳಂತೆ, ಮದುವೆಗೂ ಕೆಲಸಕ್ಕೂ ಒದಗದವರಂತೆ ತೋರಿಸಬಾರದೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಹೇಳಿದ್ದು 2014ರಲ್ಲಿ. ಕ್ರೀಮಿನ ಹೆಸರಿನಿಂದ 'ಫೇರ್' ಹೋದದ್ದು 2020ರಲ್ಲಿ. ಅಷ್ಟರಲ್ಲಿ ಆ ಕಥೆಗೆ ಟಿ.ವಿ. ಬೇಕಾಗಿರಲಿಲ್ಲ, ಸೋದರತ್ತೆಯೇ ಹೇಳುತ್ತಿದ್ದರು.

"ನೀನು ಚೆಂದವಿದ್ದೀ" ಎಂದು ನಾನು ಹೇಳಲಿಲ್ಲ. ಕೃಷ್ಣನೂ ಕಪ್ಪೇ ಎಂದು ಸಮಾಧಾನ ಮಾಡುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಸೊಸೆ ಹುಡುಕುವಾಗ ಅವರೇ ಬೆಳ್ಳಗಿನ ಹುಡುಗಿ ಕೇಳುತ್ತಾರೆ. ಬಣ್ಣದ ಕಾರಣಕ್ಕೆ ಸಂಬಂಧ ಮುರಿದದ್ದು ಆಕೆಯ ಭ್ರಮೆಯಲ್ಲ, ಅದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಿದೆ.

ಬಯೋಡೇಟಾ ತರಿಸಿ ನೋಡಿದೆ. 'ಮೈಬಣ್ಣ: ಗೋದಿ' ಎಂದಿತ್ತು. ಫೋಟೋವನ್ನು ಸ್ಟುಡಿಯೋದವರು ಹಾಲಿನಂತೆ ಬೆಳಗಿಸಿದ್ದರು. ಬಂದವರು ಅದನ್ನು ನೋಡಿ ಬರುತ್ತಿದ್ದರು, ಇವಳನ್ನು ನೋಡಿ ಹೋಗುತ್ತಿದ್ದರು. ಪ್ರತಿ ಸಲದ ಅವಮಾನವನ್ನು ಮನೆಯವರೇ ಕರೆಸಿಕೊಳ್ಳುತ್ತಿದ್ದರು! ಬಣ್ಣದ ಸಾಲನ್ನು ತೆಗೆಯಿರಿ, ಮೊಬೈಲಿನಲ್ಲಿ ತೆಗೆದ ಇದ್ದಂತಹ ಫೋಟೋ ಹಾಕಿರಿ, ಬಣ್ಣವೇ ಮುಖ್ಯವೆನ್ನುವವರು ತಮ್ಮ ಮನೆಯಲ್ಲೇ ಉಳಿಯಲಿ ಎಂದೆ. ಬರುವವರು ಕಡಿಮೆಯಾಗುತ್ತಾರೆ ಎಂಬುದನ್ನೂ ಮುಚ್ಚಿಡಲಿಲ್ಲ.

"ಉಪ್ಪಿಟ್ಟಿನ ರವೆ ಉಳಿಯಿತು" ಎಂದು ಮಗಳು ನಕ್ಕಳು. ತಾಯಿ ನಗಲಿಲ್ಲ.

ತಾಯಿಗೆ ಹೇಳಿದ್ದು ಎರಡೇ: ಎಂಟನೆಯ ತರಗತಿಯ ಕಿರಿಯ ಮಗಳ ಮುಂದೆ ಬಣ್ಣದ ಮಾತು ಬೇಡ, ನಾದಿನಿ ಕೇಳಿದರೆ "ಮುಖದ ವಿಷಯ ಡಾಕ್ಟರು ನೋಡುತ್ತಾರೆ" ಎಂದು ಅಲ್ಲಿಗೇ ನಿಲ್ಲಿಸಿ. ಬಯೋಡೇಟಾ ಬದಲಿಸುವ ಅಧಿಕಾರ ಮಾತ್ರ ತಂದೆಯದಂತೆ. ಮುಂದಿನ ಭೇಟಿಗೆ ಅವರನ್ನು ಕರೆಸಿದ್ದೇನೆ.