ಮಕ್ಕಳ ತುರ್ತು ಚಿಕಿತ್ಸೆಯ ಡಿಜಿಟಲ್ ಚೆಕ್‌ಲಿಸ್ಟನ್ನು ಪರೀಕ್ಷಿಸುವುದು ಹೇಗೆ?

ಶಿವಮೊಗ್ಗದ ಮಕ್ಕಳ ತೀವ್ರ ನಿಗಾ ಘಟಕದಲ್ಲಿ, ತುರ್ತಾಗಿ ಉಸಿರುನಳಿಕೆ ಹಾಕುವ ಮುನ್ನ ನೋಡುವ ಟ್ಯಾಬ್ಲೆಟ್ ಚೆಕ್‌ಲಿಸ್ಟನ್ನು ಪರೀಕ್ಷಿಸುವ ಬಗೆಯನ್ನು ಕೇಳಿದ್ದೀರಿ. ಮೊದಲ ಪರೀಕ್ಷೆ ಮಗುವಿನ ಮೇಲಲ್ಲ, ತರಬೇತಿಯ ಬೊಂಬೆಯ ಮೇಲೆಯೇ ನಡೆಯಬೇಕು. ಅದೂ ತರಗತಿಯಲ್ಲಲ್ಲ, ಘಟಕದ ಹಾಸಿಗೆಯ ಬಳಿ, ರಾತ್ರಿ ಪಾಳಿಯ ಸಿಬ್ಬಂದಿಯೊಂದಿಗೆ. ಚೆಕ್‌ಲಿಸ್ಟ್ ಇದ್ದಾಗ ಮತ್ತು ಇಲ್ಲದಿದ್ದಾಗ ಎಷ್ಟು ಹಂತಗಳು ತಪ್ಪಿದವು, ಎಷ್ಟು ಸೆಕೆಂಡು ಹೆಚ್ಚು ಹಿಡಿಯಿತು ಎಂಬೆರಡನ್ನೂ ಅಳೆಯಿರಿ. ಶಿಶುಗಳಲ್ಲಿ ಆಮ್ಲಜನಕದ ಮಟ್ಟ ದೊಡ್ಡವರಿಗಿಂತ ಬೇಗ ಕುಸಿಯುವುದರಿಂದ, ಓದುತ್ತಾ ಕಳೆದ ಸಮಯವೂ ನನ್ನ ದೃಷ್ಟಿಯಲ್ಲಿ ಅಪಾಯವೇ. ನಳಿಕೆಯ ಅಳತೆಗೆ ಚೆಕ್‌ಲಿಸ್ಟ್ ಮಾಡುವ ಲೆಕ್ಕಾಚಾರವನ್ನು ಪ್ರತ್ಯೇಕವಾಗಿ ಪರಿಶೀಲಿಸಿ: ವಯಸ್ಸನ್ನು 4ರಿಂದ ಭಾಗಿಸಿ 3.5 ಕೂಡಿಸುವ ಸೂತ್ರದಂತೆ, 4 ವರ್ಷದ ಮಗುವಿಗೆ ಕಫ್ (ತುದಿಯ ಬಳಿ ಗಾಳಿ ತುಂಬುವ ಪುಟ್ಟ ಬಲೂನು) ಇರುವ ನಳಿಕೆಯ ಅಳತೆ, ಅಂದರೆ ಒಳವ್ಯಾಸ, 4.5 ಮಿ.ಮೀ. ಬರಬೇಕು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವುದುಂಟು. ಆದ್ದರಿಂದ ಅಂತರ್ಜಾಲ ಕಡಿದೂ ಪರೀಕ್ಷಿಸಿ, ಮುದ್ರಿತ ಪ್ರತಿಯೊಂದನ್ನು ತುರ್ತು ಗಾಡಿಯಲ್ಲಿಡಿ.