ಡಾರ್ಮ್‌ನಲ್ಲಿ ಎಲ್ಲರಿಗೂ ಒಂದೇ ಸ್ನಾನಗೃಹ: ಮಗಳನ್ನು ಅಮೆರಿಕಕ್ಕೆ ಕಳುಹಿಸುತ್ತಿರುವ ತಂದೆಯವರಿಗೆ ಉತ್ತರ

ನಮಸ್ಕಾರ ಸರ್. ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸ್‌ನ ಕಾಲೇಜಿಗೆ ಹೊರಟಿರುವ ನಿಮ್ಮ ಮಗಳ ಡಾರ್ಮ್‌ನಲ್ಲಿ, ಅಂದರೆ ಕಾಲೇಜಿನ ವಿದ್ಯಾರ್ಥಿ ನಿಲಯದಲ್ಲಿ, ಹುಡುಗರಿಗೂ ಹುಡುಗಿಯರಿಗೂ ಮಹಡಿಗೊಂದೇ ಸ್ನಾನಗೃಹವಿದೆಯೆಂದು ತಿಳಿದು ಮನೆಯವರೆಲ್ಲ ಗಾಬರಿಗೊಂಡಿರುವುದಾಗಿ ಬರೆದಿದ್ದೀರಿ. ಇಂಥದೇ ಡಾರ್ಮ್‌ನಲ್ಲಿದ್ದು ಓದಿದವಳಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಲ್ಲಿ ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಓಹಾಯೊದ ಓಬರ್ಲಿನ್ ಕಾಲೇಜಿನಲ್ಲಿ ಹುಡುಗರೂ ಹುಡುಗಿಯರೂ ಒಂದೇ ಡಾರ್ಮ್‌ನಲ್ಲಿ ಇರತೊಡಗಿದ ಸಂಗತಿ 1970ರಲ್ಲೇ 'ಲೈಫ್' ಪತ್ರಿಕೆಯ ಮುಖಪುಟಕ್ಕೆ ಬಂದಿತ್ತು. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಟೈಟಲ್ ನೈನ್ ಎಂಬ ಅಮೆರಿಕದ ಕಾನೂನಿನಡಿಯ ನಿಯಮಗಳು ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಸ್ನಾನಗೃಹಗಳನ್ನು ಇಡಲು ಕಾಲೇಜುಗಳಿಗೆ ಅವಕಾಶ ಕೊಡುತ್ತವೆಯೇ ಹೊರತು ಇಡಲೇಬೇಕೆಂದು ಕಟ್ಟುಮಾಡುವುದಿಲ್ಲ. ಆದ್ದರಿಂದ ಕಾಲೇಜಿನ ವಸತಿ ಕಚೇರಿಗೆ ಹಕ್ಕಿನ ಮಾತಾಡಿ ಪ್ರಯೋಜನವಿಲ್ಲ, ವಿನಂತಿಯ ಪತ್ರವೇ ಕೆಲಸ ಮಾಡುತ್ತದೆ. ಆ ಪತ್ರವನ್ನು ನೀವಲ್ಲ, ನಿಮ್ಮ ಮಗಳೇ ಬರೆಯಬೇಕು, ಏಕೆಂದರೆ ಅಲ್ಲಿನ ಕಚೇರಿಗಳು ವ್ಯವಹರಿಸುವುದು ವಿದ್ಯಾರ್ಥಿಯೊಂದಿಗೆ.

ನನ್ನ ಅನುಭವದಲ್ಲಿ ಸಂಕೋಚ ಹೆಚ್ಚುವುದೂ ಕಡಿಮೆಯಾಗುವುದೂ ಪಕ್ಕದಲ್ಲಿ ಹಲ್ಲುಜ್ಜುವವರು ಯಾರು ಎಂಬುದರಿಂದಲ್ಲ, ಬಾಗಿಲು ಹೇಗಿದೆ ಎಂಬುದರಿಂದ. ಅಮೆರಿಕದ ಸಾರ್ವಜನಿಕ ಶೌಚಾಲಯಗಳಲ್ಲಿ ಬಾಗಿಲ ಹಲಗೆ ಸಾಮಾನ್ಯವಾಗಿ ನೆಲದಿಂದ ಸುಮಾರು ಒಂದು ಅಡಿ ಮೇಲೆ ನಿಲ್ಲುತ್ತದೆ, ಪಕ್ಕದಲ್ಲಿ ಸಂದೂ ಇರುತ್ತದೆ. ಕೆಲವು ಹಳೆಯ ಡಾರ್ಮ್‌ಗಳ ಶವರ್‌ಗಳಿಗೆ ಬಾಗಿಲೇ ಇಲ್ಲ, ಬರೀ ಪರದೆ. ಹಾಗಾಗಿ ಪತ್ರದಲ್ಲಿ ಮೂರು ವಿಷಯಗಳನ್ನು ನೇರವಾಗಿ ಕೇಳಲಿ: ಶವರ್‌ಗೆ ಚಿಲಕವಿರುವ ಬಾಗಿಲಿದೆಯೇ, ಪರದೆಯ ಒಳಗಡೆಯೇ ಬಟ್ಟೆ ಬದಲಿಸಲು ಜಾಗವಿದೆಯೇ, ಒಬ್ಬರೇ ಒಳಹೋಗಿ ಬೀಗ ಹಾಕಿಕೊಳ್ಳಬಹುದಾದ ಸ್ನಾನಗೃಹ ಕಟ್ಟಡದಲ್ಲಿ ಎಲ್ಲಾದರೂ ಇದೆಯೇ. ಉತ್ತರ ಸಮಾಧಾನ ತರದಿದ್ದರೆ ಹುಡುಗಿಯರಿಗೆ ಮಾತ್ರ ಮೀಸಲಾದ ಮಹಡಿಯನ್ನು ಕೇಳಬಹುದು, ಕೋಣೆಗಳು ಹಂಚಿಕೆಯಾದ ಮೇಲೆ ಬದಲಾವಣೆ ಕಷ್ಟವಾದ್ದರಿಂದ ಇದನ್ನು ಈ ವಾರವೇ ಮಾಡಿ. ಕೆಲವು ಕಾಲೇಜುಗಳಲ್ಲಿ ಸ್ನಾನಗೃಹ ಎಲ್ಲರಿಗೂ ಒಂದೇ ಇರಬೇಕೇ, ಬೇರೆ ಬೇರೆ ಇರಬೇಕೇ ಎಂದು ಮಹಡಿಯ ಮೊದಲ ಸಭೆಯಲ್ಲಿ ವಿದ್ಯಾರ್ಥಿಗಳೇ ತೀರ್ಮಾನಿಸುತ್ತಾರೆ. ಎಲ್ಲರೆದುರು ಮಾತಾಡಲು ಮುಜುಗರವಾದರೆ ಸಭೆಗೆ ಮುಂಚೆಯೇ ಮಹಡಿಯ ಮೇಲ್ವಿಚಾರಣೆ ನೋಡುವ ಹಿರಿಯ ವಿದ್ಯಾರ್ಥಿಗೆ, ಅಂದರೆ ಆರ್‌ಎಗೆ, ತನ್ನ ಇಷ್ಟವನ್ನು ತಿಳಿಸಿಬಿಡಲಿ.

ಇನ್ನು ಸಾಮಾನು. ಮೊಣಕಾಲು ದಾಟುವ, ಸೊಂಟಪಟ್ಟಿಯುಳ್ಳ ಟವೆಲ್ ಬಟ್ಟೆಯ ನಿಲುವಂಗಿ ಎಲ್ಲಕ್ಕಿಂತ ಮುಖ್ಯ, ಅದನ್ನು ತೊಟ್ಟು ಹೋಗಿ ತೊಟ್ಟೇ ಬಂದರೆ ಅರ್ಧ ಚಿಂತೆ ತೀರುತ್ತದೆ. ಒದ್ದೆ ನೆಲದಲ್ಲಿ ಕಾಲಿನ ಬೆರಳಸಂದಿಗೆ ಹುಣ್ಣು ತರುವ ಶಿಲೀಂಧ್ರ ಸುಲಭವಾಗಿ ಹರಡುವುದರಿಂದ ಸ್ನಾನಕ್ಕೆಂದೇ ಒಂದು ಜೊತೆ ರಬ್ಬರ್ ಚಪ್ಪಲಿ ಇರಲಿ. ಸೋಪು, ಶಾಂಪೂ ಹೊತ್ತೊಯ್ಯಲು ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿ ಅಲ್ಲಿಯೇ ಸಿಗುತ್ತದೆ. ಬಕೆಟ್ಟು, ಚೊಂಬು ಇರುವುದಿಲ್ಲ. ಶೌಚಕ್ಕೆ ಒತ್ತಿದರೆ ನೀರು ಚಿಮ್ಮುವ ಸಣ್ಣ ಬಾಟಲಿ ಒಯ್ದರೆ ಸಾಕು, ಆದರೆ ನೀರನ್ನು ಹೊರಗೆ ಚೆಲ್ಲಬಾರದು. ಮುಟ್ಟಿನ ಪ್ಯಾಡನ್ನು ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಗೋಡೆಯಲ್ಲಿ ಡಬ್ಬಿ ಇಲ್ಲದಿದ್ದರೆ ಕಾಗದದಲ್ಲಿ ಸುತ್ತಿ ಹೊರಗಿನ ಕಸದ ಬುಟ್ಟಿಗೆ ಹಾಕಬೇಕು.

ಎಣ್ಣೆ ಸ್ನಾನದ ಬಗ್ಗೆ ನಿಮ್ಮ ಮನೆಯವರು ಕೇಳಿದ್ದಾರೆ. ಮಾಡಬಹುದು, ಆದರೆ ಎಣ್ಣೆ ಬಿದ್ದ ನೆಲದಲ್ಲಿ ಮುಂದಿನವರು ಜಾರುತ್ತಾರೆ, ಸೀಗೆಪುಡಿಯೂ ಕೂದಲೂ ಸೇರಿ ನೀರು ಹೋಗುವ ಕಿಂಡಿ ಕಟ್ಟಿಕೊಳ್ಳುತ್ತದೆ. ತಲೆಗಷ್ಟೇ ಎಣ್ಣೆ ಹಚ್ಚಿಕೊಂಡು ಶಾಂಪೂವಿನಿಂದ ತೊಳೆದು, ಉದುರಿದ ಕೂದಲನ್ನು ತಾನೇ ತೆಗೆದುಹಾಕಲಿ. ಮಹಡಿಯ ಜಗಳಗಳಲ್ಲಿ ಹೆಚ್ಚಿನವು ಕೂದಲಿನವೇ!

ಬೆಳಗಿನ ತರಗತಿಗೆ ಮುನ್ನದ ಒಂದು ಗಂಟೆ ಬಿಟ್ಟರೆ ಶವರ್‌ಗಳು ಬಹುತೇಕ ಖಾಲಿಯೇ ಇರುತ್ತವೆ, ಬೆಳಗ್ಗೆ ಆರಕ್ಕೆ ಏಳುವ ನಮ್ಮ ಮಕ್ಕಳಿಗೆ ಇದು ಅನುಕೂಲ. ಯಾರಾದರೂ ಇಣುಕಿದರೆ ಅಥವಾ ಒಳಗೆ ಫೋನು ಹಿಡಿದು ಚಿತ್ರ ತೆಗೆದರೆ ಅದು ಹೊಂದಿಕೊಳ್ಳಬೇಕಾದ ವಿಷಯವಲ್ಲ. ಕೂಡಲೇ ಆರ್‌ಎಗೂ ಕ್ಯಾಂಪಸ್ ಪೊಲೀಸರಿಗೂ ತಿಳಿಸಬೇಕು. ಆ ಎರಡು ನಂಬರುಗಳನ್ನು ಡಾರ್ಮ್ ಸೇರಿದ ದಿನವೇ ಅವಳು ತನ್ನ ಫೋನಿನಲ್ಲಿ ಇಟ್ಟುಕೊಳ್ಳಲಿ.